ಹಗ್ಗ ಹಿಡಿದವರು

ಪುಣೆಯಿಂದ ಸೊಲ್ಲಾಪುರದ ಹಾದಿಯಾಗಿ ವಿಜಯಪುರಕ್ಕೋ ಕಲಬುರಗಿಗೋ ಹೋಗಿಬರುವ ನಮ್ಮಂಥವರಿಗೆ ಹಡಪಸರ, ಲೋಣಿ ಕಾಳಭೋರ, ಉರುಳಿ ಕಾಂಚನ, ಯವತ ಇವೆಲ್ಲ ಬಸ್ಸಿನ ಕಿಟಕಿಯಿಂದ ಪರಿಚಯವಾದ ಊರುಗಳು. ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ಇಳಿದರೆ ಅಲ್ಲಲ್ಲಿ ಒಂದು ಪಶುವೈದ್ಯ ದವಾಖಾನೆ ಕಣ್ಣಿಗೆ ಬೀಳುತ್ತದೆ. ಅದರ ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು, ಅಡ್ಡಕ್ಕೆ ಕಬ್ಬಿಣದ ಕೊಳವೆಗಳನ್ನು ಬೆಸೆದ ಒಂದು ಚೌಕಟ್ಟು ನಿಂತಿರುತ್ತದೆ. ಸುಮಾರು ಆರಡಿ ಉದ್ದ, ಎರಡೂವರೆ ಅಡಿ ಅಗಲ. ಕೆಲಸವಿಲ್ಲದ ಹೊತ್ತಿನಲ್ಲಿ ಮಕ್ಕಳು ಅದಕ್ಕೆ ಜೋತಾಡುತ್ತಾರೆ. ಯಾರೋ ಒಬ್ಬರು ಟವೆಲು ಒಣಹಾಕಿರುತ್ತಾರೆ. ಡಾಕ್ಟರರು ಅದನ್ನು ಟ್ರಾವಿಸ್ ಎನ್ನುತ್ತಾರೆ. ಮರಾಠಿ ರೈತರ ಬಾಯಲ್ಲಿ ಅದು ಖೋಡಾ. ಹಿಂದೆ ಅಪರಾಧಿಯ ಕಾಲುಗಳನ್ನು ಸಿಕ್ಕಿಸುತ್ತಿದ್ದ ಮರದ ಬಂಧನಕ್ಕೂ ಅವರಲ್ಲಿ ಅದೇ ಹೆಸರು. ಫ್ರೆಂಚರು ಇಂಥ ಚೌಕಟ್ಟಿಗೆ ಟ್ರಾವಾಯ್ ಎನ್ನುತ್ತಾರಂತೆ, ದುಡಿಮೆಗೂ ಅವರಲ್ಲಿ ಅದೇ ಪದ. ಒಬ್ಬರಿಗೆ ಸೆರೆಯಾಗಿ ಕಂಡದ್ದು ಇನ್ನೊಬ್ಬರಿಗೆ ಕೆಲಸವಾಗಿ ಕಂಡಿದೆ. ಎರಡೂ ಸುಳ್ಳಲ್ಲ.

ಈ ಚೌಕಟ್ಟು ನಮ್ಮ ಗಮನ ಸೆಳೆದದ್ದು ತೀರ ಈಚೆಗೆ. ಪುಣೆಯ ಪಶುವೈದ್ಯದ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಕೊರತೆ ನಮ್ಮನ್ನು ಕಾಡತೊಡಗಿತು. ಆ ಬರಹಗಳಲ್ಲಿ ರೋಗಾಣುಗಳಿವೆ, ಲಸಿಕೆಗಳಿವೆ, ಸಂಸ್ಥೆಗಳನ್ನು ಕಟ್ಟಿದ ಸಾಹೇಬರಿದ್ದಾರೆ, ಕಾಯಿದೆಗಳಿವೆ. ಆದರೆ ಯಾವ ಔಷಧವೇ ಆಗಲಿ ದನದ ಮೈಯೊಳಗೆ ಹೋಗುವ ಮೊದಲು ಆ ದನವನ್ನು ಯಾರಾದರೂ ಹಿಡಿದು ನಿಲ್ಲಿಸಬೇಕಷ್ಟೆ. ನಾಲ್ಕೈದು ಕ್ವಿಂಟಲ್ ತೂಗುವ, ಹಾಯಬಲ್ಲ, ಒದೆಯಬಲ್ಲ, ಇದು ನಿನ್ನ ಒಳ್ಳೆಯದಕ್ಕೇ ಎಂದು ಹೇಳಿ ಒಪ್ಪಿಸಲಾಗದ ಪ್ರಾಣಿಯನ್ನು ಹಿಡಿದವರು ಯಾರು? ಹೇಗೆ ಹಿಡಿದರು? ಹಿಡಿಯುವ ರೀತಿ ಯಾವಾಗ, ಏಕೆ ಬದಲಾಯಿತು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದಾಗ ಅದೇ ಚರಿತ್ರೆ ನಮಗೆ ಸ್ವಲ್ಪ ಬೇರೆಯಾಗಿಯೇ ಕಂಡಿತು.

ಆನೆಗೆ ಅಂಕುಶ, ಕುದುರೆಗೆ ಲಗಾಮು, ಎತ್ತಿಗೆ ಮೂಗುದಾರ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರು. ಒಂದೊಂದು ಪ್ರಾಣಿಯ ಬಲಕ್ಕೂ ಒಂದೊಂದು ಮರ್ಮಸ್ಥಾನವಿದೆ, ಅದನ್ನು ತಿಳಿದವನಿಗೆ ಬಲವಿಲ್ಲದಿದ್ದರೂ ನಡೆಯುತ್ತದೆ ಎಂಬುದು ಅದರ ಒಳಗಿನ ಅರ್ಥ. ಪ್ರಾಣಿವೈದ್ಯವನ್ನು ಶಾಸ್ತ್ರವಾಗಿ ಬರೆದಿಡುವ ರೂಢಿಯೂ ನಮ್ಮಲ್ಲಿ ಹಳೆಯದೇ. ಚಾಲುಕ್ಯರ ಕಾಲದ ಕೀರ್ತಿವರ್ಮ ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದ. ಮುಂದೆ ಅಭಿನವಚಂದ್ರ ಕುದುರೆಗಳ ವೈದ್ಯವನ್ನು ಕುರಿತು ಬರೆದ. ಸಂಸ್ಕೃತದಲ್ಲಿ ಅಶ್ವಶಾಸ್ತ್ರಕ್ಕೆ ಮೂಲಪುರುಷನೆಂದು ಹೇಳುವ ಶಾಲಿಹೋತ್ರನ ಹೆಸರಂತೂ ಬೀದಿಗೇ ಇಳಿದುಬಂತು. ಉತ್ತರದ ಭಾಷೆಗಳಲ್ಲಿ ಕುದುರೆಯ ವೈದ್ಯ 'ಸಾಲೋತ್ರಿ'ಯಾದ. ಕಂಪನಿ ಸರಕಾರದ ಸೈನ್ಯವೂ ತನ್ನ ದೇಶೀ ಪಶುವೈದ್ಯರನ್ನು ಆ ಹೆಸರಿನಿಂದಲೇ ಕರೆಯಿತು.

ಪುಣೆ ಕುದುರೆಗಳ ಊರು. ಮರಾಠರ ಬಲವೆಲ್ಲ ಕುದುರೆಯ ಬೆನ್ನಿನ ಮೇಲಿತ್ತು. ಸಾವಿರಾರು ಕುದುರೆಗಳನ್ನು ಲಾಯಗಳಿಲ್ಲದ ಬಯಲಿನಲ್ಲಿ, ದಂಡು ಬೀಡುಬಿಟ್ಟ ಕಡೆಯಲ್ಲಿ, ಒಂದನ್ನೊಂದು ಕಚ್ಚದಂತೆ, ಒದೆಯದಂತೆ ಸಾಲಾಗಿ ನಿಲ್ಲಿಸಲು ಅಗಾಡಿ–ಪಿಛಾಡಿ ಎಂಬ ಪದ್ಧತಿ ದೇಶದ ಬಹುಭಾಗದಲ್ಲಿ ರೂಢಿಯಲ್ಲಿತ್ತು. ಅಗಾಡಿ ಎಂದರೆ ಮುಂದಲೆಯ ಎರಡು ಹಗ್ಗಗಳು, ಪಿಛಾಡಿ ಎಂದರೆ ಹಿಂಗಾಲಿನ ಹರಡಿಗೆ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದ ಹಗ್ಗ. ಇಂಗ್ಲಿಷರ ಅಶ್ವದಳಗಳು ಈ ದೇಶಕ್ಕೆ ಬಂದಮೇಲೆ ಇದನ್ನೇ ಕಲಿತು ತಮ್ಮದಾಗಿಸಿಕೊಂಡವು. ಕುದುರೆಯನ್ನು ಹಿಡಿಯುವ ವಿದ್ಯೆಯಲ್ಲಿ ಗುರು ಯಾರು ಶಿಷ್ಯ ಯಾರು ಎಂಬುದನ್ನು ಆ ಎರಡು ಪದಗಳೇ ಹೇಳುತ್ತವೆ.

ಎತ್ತಿನ ವಿಷಯ ಬೇರೆ. ಕುದುರೆ ಒಂದು ಕಾಲೆತ್ತಿಕೊಟ್ಟು ಮೂರು ಕಾಲಿನ ಮೇಲೆ ನಿಲ್ಲಬಲ್ಲದು; ಹಾಗಾಗಿಯೇ ಲಾಳಗಾರ ಅದರ ಗೊರಸನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಾನೆ. ಎತ್ತು ಹಾಗೆ ನಿಲ್ಲಲೊಲ್ಲದು, ಭಾರವನ್ನೆಲ್ಲ ಹಿಡಿದವನ ಮೇಲೆ ಹಾಕುತ್ತದೆ. ಯುರೋಪಿನ ಹಳ್ಳಿಗಳಲ್ಲಿ ಈ ತೊಡಕಿಗೆ ಪರಿಹಾರವಾಗಿ ಮರದ ಚೌಕಟ್ಟು ಹುಟ್ಟಿತು. ಎತ್ತನ್ನು ಅದರೊಳಗೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಪಟ್ಟಿ ಹಾಕಿ, ಕಾಲನ್ನು ಅಡ್ಡಮರಕ್ಕೆ ಕಟ್ಟಿ ಲಾಳ ಹೊಡೆಯುತ್ತಿದ್ದರು. ನಮ್ಮ ದಖ್ಖನ್ನಿನಲ್ಲಿ ಆದದ್ದು ಇನ್ನೊಂದು ಬಗೆ: ಎತ್ತನ್ನೇ ಕೆಡವಿದರು.

ಕೆಡವುವುದು ಎಂದರೆ ನಾಲ್ವರು ಜಗ್ಗಾಡಿ ಬೀಳಿಸುವುದಲ್ಲ. ನಾಲ್‌ಬಂದನೆಂದು ಮರಾಠಿಯಲ್ಲಿ ಕರೆಯುವ ಲಾಳಗಾರನ ಕೈಯಲ್ಲಿ ಒಂದು ಉದ್ದನೆಯ ಹಗ್ಗವಿದ್ದರೆ ಸಾಕು. ಕೊರಳಿಗೊಂದು ಸುತ್ತು, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಹಿಂಗಾಲಿನ ಮುಂದೆ ಹೊಟ್ಟೆಗೊಂದು ಸುತ್ತು ಹಾಕಿ, ಹಗ್ಗದ ತುದಿಯನ್ನು ನೇರವಾಗಿ ಹಿಂದಕ್ಕೆ ಸೆಳೆದರೆ, ಮೂರೂ ಸುತ್ತುಗಳು ಒಮ್ಮೆಗೇ ಬಿಗಿಯಾಗಿ ಎಂಥ ಎತ್ತೂ ಮೊಣಕಾಲೂರಿ ಮೆಲ್ಲಗೆ ಮಲಗಿಬಿಡುತ್ತದೆ. ಈ ವಿಧಾನ ಪಶುವೈದ್ಯದ ಪಠ್ಯಗಳಲ್ಲಿ ರೂಫ್ ಎಂಬ ಪಾಶ್ಚಾತ್ಯನ ಹೆಸರಿನಲ್ಲಿ ಪ್ರಸಿದ್ಧ. ಕೊರಳ ಸುತ್ತಿಗೆ ಮಾತ್ರ ಬಿಗಿಯುವ ಕುಣಿಕೆಯನ್ನು ಹಾಕಬಾರದು, ಹಾಕಿದರೆ ಉಸಿರು ಕಟ್ಟುತ್ತದೆ. ಮಲಗಿದ ಮೇಲೆ ನಾಲ್ಕು ಕಾಲುಗಳನ್ನೂ ಕತ್ತರಿಯಾಗಿ ಕೂಡಿಸಿ ಕಟ್ಟಿ, ಒಂದು ಕವೆಗೋಲನ್ನು ಆನಿಸಿ, ಒಬ್ಬ ಎತ್ತಿನ ತಲೆಯನ್ನು ಹಿಡಿದು ಕುಳಿತುಕೊಳ್ಳುತ್ತಾನೆ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡೆರಡು ಲಾಳಗಳು, ನಾಲ್ಕು ಕಾಲಿಗೆ ಎಂಟು. ಅಷ್ಟೂ ಮುಗಿಯುವವರೆಗೆ ಎತ್ತು ಒಂದೇ ಮಗ್ಗುಲಲ್ಲಿ.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಮೆಲುಕು ಹಾಕುವ ಪ್ರಾಣಿ ಹೆಚ್ಚು ಹೊತ್ತು ಮಗ್ಗುಲಾಗಿ ಬಿದ್ದಿದ್ದರೆ ಹೊಟ್ಟೆಯಲ್ಲಿ ವಾಯು ತುಂಬಿ ಉಬ್ಬರಿಸುತ್ತದೆ, ಬಾಯಿಗೆ ಬಂದ ಮೇವು ಶ್ವಾಸನಾಳಕ್ಕೆ ಇಳಿದರೆ ಸಾವು. ನೆಲ ಗಟ್ಟಿಯಿದ್ದರೆ ಮುಂಗಾಲಿನ ನರ ನಸುಕಿ ಕಾಲು ಸೋಲುತ್ತದೆ, ಕೊಂಬು ಮುರಿಯುವುದೂ ಉಂಟು. ಬಲ್ಲವರು ಹಿಂದಿನ ರಾತ್ರಿ ಮೇವು ಕೊಡದೆ, ಹುಲ್ಲು ಹಾಸಿದ ಮೆತ್ತನೆಯ ಜಾಗ ನೋಡಿ, ಬೇಗ ಕೆಲಸ ಮುಗಿಸುತ್ತಿದ್ದರು. ಕುದುರೆಯನ್ನು ಕೆಡವುವುದಂತೂ ಇನ್ನೂ ಕಠಿಣ. ಕಟ್ಟಿಗೆ ಸಿಕ್ಕ ಕುದುರೆ ಸೆಣಸುತ್ತ ತನ್ನ ಸ್ನಾಯುಗಳ ಬಲದಿಂದಲೇ ತನ್ನ ಬೆನ್ನುಮೂಳೆಯನ್ನು ಮುರಿದುಕೊಂಡ ಪ್ರಸಂಗಗಳು ಅಶ್ವವೈದ್ಯರಿಗೆ ಹೊಸವಲ್ಲ.

1862ರಲ್ಲಿ ಪುಣೆಯಲ್ಲಿ ಸೈನ್ಯದ ಪಶುವೈದ್ಯ ಶಾಲೆಯೊಂದು ಪ್ರಾರಂಭವಾಯಿತು. ಈ ದೇಶದವರಿಗೆ ಪಾಶ್ಚಾತ್ಯ ಪಶುವೈದ್ಯವನ್ನು ಕಲಿಸುವ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಅದರ ಹಿಂದೆ ಇದ್ದವನು ಬಾಂಬೆ ಸೈನ್ಯದ ಪಶುವೈದ್ಯ ಹ್ಯಾಲನ್. ಅಲ್ಲಿಗೆ ಬಂದ ಸಾಲೋತ್ರಿಗಳಿಗೆ ಶರೀರರಚನೆಯನ್ನೂ ಔಷಧಗಳನ್ನೂ ಕಲಿಸಬೇಕಾಗಿದ್ದಿರಬಹುದು. ಕುದುರೆಯ ಬಳಿಗೆ ಯಾವ ಮಗ್ಗುಲಿನಿಂದ ಹೋಗಬೇಕು, ಅದರ ಕಿವಿ ಏನು ಹೇಳುತ್ತಿದೆ ಎಂಬುದನ್ನು ಕಲಿಸುವ ಅಗತ್ಯವಿರಲಿಲ್ಲ ಎಂದೇ ನಮ್ಮ ನಂಬಿಕೆ. ಬಂದವರು ಹಗ್ಗವನ್ನು ಹಿಡಿದೇ ಬಂದಿದ್ದರು. ಮುಂದೆ ದನಗಳ ಮಹಾಮಾರಿಗಳನ್ನು ವಿಚಾರಿಸಲು ಸರಕಾರ ನೇಮಿಸಿದ ಆಯೋಗಕ್ಕೂ ಇದೇ ಹ್ಯಾಲನ್ ಮುಖ್ಯಸ್ಥನಾದ. 1871ರಲ್ಲಿ ಅದರ ವರದಿ ಹೊರಬಂತು. ದೊಡ್ಡರೋಗ ಎಂದು ನಮ್ಮವರು ಹೆದರಿ ಹೆಸರಿಟ್ಟ ರಿಂಡರ್‌ಪೆಸ್ಟ್ ಊರೂರುಗಳ ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ಕಾಲ ಅದು.

1889ರ ಡಿಸೆಂಬರಿನಲ್ಲಿ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಸ್ಥಾಪನೆಯಾಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೇರು ಇಲ್ಲಿದೆ. ಅದರ ಮುಖ್ಯಸ್ಥನಾಗಿ ಬಂದ ಆಲ್ಫ್ರೆಡ್ ಲಿಂಗಾರ್ಡ್ ಪುಣೆಯಲ್ಲಿ ಕುದುರೆಗಳ ಸರ್ರಾ ರೋಗವನ್ನು ಅಭ್ಯಾಸ ಮಾಡಿದ. ಸರ್ರಾದ ರೋಗಾಣು ರಕ್ತದಲ್ಲಿ ಒಂದು ದಿನ ಕಾಣುತ್ತದೆ, ಇನ್ನೊಂದು ದಿನ ಮರೆಯಾಗುತ್ತದೆ. ಆದುದರಿಂದ ಒಂದೇ ಕುದುರೆಯ ರಕ್ತವನ್ನು ಮತ್ತೆ ಮತ್ತೆ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಪ್ರಯೋಗಾಲಯದ ಆ ಚಿಕ್ಕ ಗಾಜಿನ ಪಟ್ಟಿಯ ಮೇಲೆ ಬೀಳುವ ಒಂದೊಂದು ಹನಿಯ ಹಿಂದೆಯೂ ಜ್ವರದಿಂದ ಬಳಲಿದ ಕುದುರೆಯ ತಲೆಹಗ್ಗ ಹಿಡಿದು ನಿಂತ ಒಬ್ಬ ಮನುಷ್ಯನಿದ್ದ. ಲಿಂಗಾರ್ಡನ ಹೆಸರು ಉಳಿಯಿತು. 1893ರಲ್ಲಿ ಪ್ರಯೋಗಾಲಯ, ಜನವಸತಿಯಿಂದಲೂ ಸೆಕೆಯಿಂದಲೂ ದೂರವಾದ ಸ್ಥಳ ಬೇಕೆಂದು, ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಹೋಯಿತು. ಪುಣೆಯಲ್ಲಿ ಅದರ ನೆನಪು ಬಹುಮಟ್ಟಿಗೆ ಅಳಿದಿದೆ.

ಅಲ್ಲಿಂದ ಮೂರು ದಶಕಗಳ ಮೇಲೆ, 1920ರ ದಶಕದಲ್ಲಿ, ಮುಕ್ತೇಶ್ವರದಲ್ಲಿಯೇ ಎಡ್ವರ್ಡ್ಸ್ ಎಂಬ ವಿಜ್ಞಾನಿ ದೊಡ್ಡರೋಗದ ವಿಷಾಣುವನ್ನು ಆಡುಗಳ ಮೈಯಲ್ಲಿ ಹಾಯಿಸುತ್ತ ಅದರ ಉಗ್ರತೆಯನ್ನು ಕುಗ್ಗಿಸಿದ. ಅದಕ್ಕೆ ಮೊದಲು ಸೀರಮ್ಮನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಬೇಕಿತ್ತು. ಅಥವಾ ಒಂದು ಪಕ್ಕಕ್ಕೆ ಸೀರಮ್ಮು, ಇನ್ನೊಂದು ಪಕ್ಕಕ್ಕೆ ರೋಗದ ರಕ್ತ, ಹೀಗೆ ಎರಡು ಬಾರಿ ಸೂಜಿ ಹಾಕಬೇಕಿತ್ತು. ಊರ ದನಗಳನ್ನೆಲ್ಲ ಒಂದೆಡೆ ಸೇರಿಸಿ ಈ ಕೆಲಸ ನಡೆಸುವಾಗ ರೈತರು ಹಿಂದೆಗೆಯುತ್ತಿದ್ದರು. ಆ ಕಾಲದ ಅಧಿಕಾರಿಗಳು ಇದಕ್ಕೆ ಅಜ್ಞಾನ, ಮೂಢನಂಬಿಕೆ ಎಂದು ಕಾರಣ ಹೇಳುವುದುಂಟು. ನಮಗೆ ಇನ್ನೊಂದು ಕಾರಣವೂ ತೋರುತ್ತದೆ. ರೈತನ ಪಾಲಿಗೆ ಎತ್ತು ಎಂದರೆ ಆ ವರ್ಷದ ಬಿತ್ತನೆ. ಗೊತ್ತಿಲ್ಲದ ಕೈಗಳು ಅದನ್ನು ಹಿಡಿದು ಜಗ್ಗುವಾಗ ಕಾಲು ಮುರಿದರೆ, ಬಾರದೆಯೂ ಇರಬಹುದಾದ ರೋಗಕ್ಕೆ ಹೆದರಿ ಮನೆಯ ಅನ್ನವನ್ನೇ ಕಳೆದುಕೊಂಡಂತೆ. ಇದು ಮೂಢನಂಬಿಕೆಯಲ್ಲ, ಲೆಕ್ಕಾಚಾರ. ಸೂಜಿಯ ಭಯಕ್ಕಿಂತ ಹಗ್ಗದ ಭಯ ದೊಡ್ಡದಿತ್ತು.

1954ರಲ್ಲಿ ದೊಡ್ಡರೋಗವನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1995ರ ಬಳಿಕ ದೇಶದಲ್ಲಿ ಆ ರೋಗ ಕಾಣಲಿಲ್ಲ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಸಿಡುಬಿನ ತರುವಾಯ ಮನುಷ್ಯ ಭೂಮಿಯಿಂದಲೇ ಅಳಿಸಿಹಾಕಿದ ಎರಡನೆಯ ರೋಗ ಇದು. ಅಮೆರಿಕ, ಆಸ್ಟ್ರೇಲಿಯಾಗಳ ದೊಡ್ಡ ಹಿಂಡುಗಳನ್ನು ಇಕ್ಕಟ್ಟಾದ ಓಣಿಯಲ್ಲಿ ಒಂದರ ಹಿಂದೊಂದು ಓಡಿಸಿ, ಕೊನೆಯ ಕಬ್ಬಿಣದ ಬಾಗಿಲಲ್ಲಿ ಕೊರಳು ಸಿಕ್ಕಿಸಿ ಸೂಜಿ ಹಾಕುತ್ತಾರೆ. ನಮ್ಮಲ್ಲಿ ಎರಡು ದನ, ಮೂರು ದನಗಳ ಮನೆಗಳು. ಇಲ್ಲಿನ ಆ ಕೋಟ್ಯಂತರ ಸೂಜಿಗಳ ಹಿಂದೆ ಹೆಚ್ಚಾಗಿ ಇದ್ದದ್ದು ಯಂತ್ರವಲ್ಲ, ಮೂಗುದಾರ ಹಿಡಿದ ಒಡೆಯನ ಕೈ.

ಮತ್ತೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಕನ್ನಡ ಜಿಲ್ಲೆಗಳಿಗೂ ತಟ್ಟಿದ್ದು. 1933ರಲ್ಲಿ ಮುಂಬಯಿ ಸರಕಾರ ಜಾನುವಾರು ಸುಧಾರಣೆಯ ಕಾಯಿದೆಯನ್ನು ತಂದಿತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಆಗ ಆ ಪ್ರಾಂತದಲ್ಲಿದ್ದವು. ಪುಣೆ ಆ ಪ್ರಾಂತದ ಕೃಷಿವಿದ್ಯೆಯ ಕೇಂದ್ರ. ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜು ಆಗುವವರೆಗೆ ಆ ಜಿಲ್ಲೆಗಳ ಹುಡುಗರು ಕೃಷಿ ಕಲಿಯಲು ಪುಣೆಗೇ ಬರಬೇಕಿತ್ತು. ತಳಿಗೆ ಯೋಗ್ಯವಲ್ಲದ ಹೋರಿಗಳ ಬೀಜ ಒಡೆಸಬೇಕೆಂಬುದು ಈ ಕಾಯಿದೆಯ ಒಂದು ಮುಖ್ಯ ಅಂಶ. ಬೀಜ ಒಡೆಸುವುದು ನಮ್ಮವರಿಗೆ ಹೊಸತಲ್ಲ. ಹೋರಿಯನ್ನು ಕೆಡವಿ, ಕಟ್ಟಿ, ಕಲ್ಲಿನಿಂದಲೋ ಮರದ ತುಂಡುಗಳಿಂದಲೋ ಜಜ್ಜುತ್ತಿದ್ದರು. ಆ ನೋವನ್ನು ವರ್ಣಿಸುವುದು ಬೇಡ. ಇದೇ ಸುಮಾರಿಗೆ ಇಟಲಿಯ ಬುರ್ಡಿಜೊ ಎಂಬ ಪಶುವೈದ್ಯ ರೂಪಿಸಿದ ದೊಡ್ಡ ಇಕ್ಕಳ ಬಳಕೆಗೆ ಬಂತು. ಚರ್ಮ ಕೊಯ್ಯದೆ, ರಕ್ತ ಬಾರದೆ, ಒಳಗಿನ ನಾಳವನ್ನು ಮಾತ್ರ ನಸುಕುವ ಉಪಕರಣ ಅದು. ಪ್ರಾಣಿಯ ನೋವು ಇಲ್ಲವಾಯಿತೆಂದು ಹೇಳಲಾಗದು. ಆದರೆ ಚೌಕಟ್ಟಿನೊಳಗೆ ಹೋರಿ ನಿಂತಿರುವಂತೆಯೇ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಲು ಅದರಿಂದ ಸಾಧ್ಯವಾಯಿತು. ಕೆಡವುವ ಕಾಲದಿಂದ ನಿಲ್ಲಿಸುವ ಕಾಲಕ್ಕೆ ನಾವು ದಾಟಿದ ಹಾದಿಯಲ್ಲಿ ಈ ಇಕ್ಕಳಕ್ಕೂ ಒಂದು ಪಾಲು ಇದೆ. (1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಬೀಜ ಒಡೆಸುವುದು, ಕೊಂಬು ತೆಗೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇವನ್ನು ನಿಯಮಿಸಿದ ರೀತಿಯಲ್ಲಿ ಮಾಡಿದರೆ ಅಪರಾಧವಲ್ಲವೆಂದು ಬಿಡುತ್ತದೆ. ಆ 'ನಿಯಮಿಸಿದ ರೀತಿ' ಎಂಬ ಎರಡು ಪದಗಳ ಒಳಗೆ ಎಷ್ಟೆಲ್ಲ ಅಡಗಿದೆ!)

ಈಗ ಮತ್ತೆ ಸೊಲ್ಲಾಪುರದ ರಸ್ತೆಗೆ ಬರೋಣ. ಹಡಪಸರದಲ್ಲಿ ಪೂನಾವಾಲಾ ಮನೆತನ 1946ರಲ್ಲಿ ಪಂದ್ಯದ ಕುದುರೆಗಳ ಸಾಕಣೆಯನ್ನು ಆರಂಭಿಸಿತು. ಅಲ್ಲಿ ವಯಸ್ಸಾದ ಕುದುರೆಗಳನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅಲ್ಲಿ ಅವುಗಳ ರಕ್ತದಿಂದ ಸೀರಮ್ಮು ತಯಾರಾಗುತ್ತಿತ್ತು. ಅದನ್ನು ನಾವೇ ಏಕೆ ಮಾಡಬಾರದೆಂಬ ಯೋಚನೆಯಿಂದ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಕೊರೊನಾ ಕಾಲದಲ್ಲಿ ಮನೆಮನೆಯ ಮಾತಾದ ಸಂಸ್ಥೆಯ ಮೊದಲ ಬಂಡವಾಳ ಕುದುರೆಯ ಕೊರಳ ರಕ್ತನಾಳ ಎಂಬುದನ್ನು ಪುಣೆಯವರೇ ಮರೆತಿರುತ್ತಾರೆ. ಧನುರ್ವಾತದ ವಿಷವನ್ನೋ ಹಾವಿನ ವಿಷವನ್ನೋ ಕುದುರೆಗೆ ಅಲ್ಪಾಲ್ಪವಾಗಿ, ಏರುವ ಪ್ರಮಾಣದಲ್ಲಿ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ಪ್ರತಿವಿಷ ಸಿದ್ಧವಾಗುತ್ತದೆ. ಹಾವು ಕಚ್ಚಿದವರಿಗೆ ಕೊಡುವ ಮದ್ದು ನಮ್ಮ ದೇಶದಲ್ಲಿ ಇಂದಿಗೂ ಕುದುರೆಯ ರಕ್ತದಿಂದಲೇ ಬರುವುದು. ಇಲ್ಲಿ ಕೆಡವುವ ಮಾತೇ ಇಲ್ಲ. ಒಂದೇ ಕುದುರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ನಿಂತು ರಕ್ತ ಕೊಡಬೇಕು. ಒಮ್ಮೆ ಹೆದರಿಸಿದರೆ ಮುಂದಿನ ಬಾರಿ ಅದು ಬಾಗಿಲಲ್ಲೇ ನಿಲ್ಲುತ್ತದೆ.

ಕುದುರೆಯ ಮೇಲ್ದುಟಿಯನ್ನು ಹಗ್ಗದ ಕುಣಿಕೆಯಲ್ಲಿ ಸಿಕ್ಕಿಸಿ ಕೋಲಿನಿಂದ ತಿರುಚಿ ಹಿಡಿಯುವ ಒಂದು ಹಳೆಯ ಉಪಾಯವಿದೆ. ಹಾಗೆ ಹಿಡಿದಾಗ ಕುದುರೆ ಕಣ್ಣರೆಮುಚ್ಚಿ, ತಲೆತಗ್ಗಿಸಿ, ಮಂಕಾಗಿ ನಿಂತುಬಿಡುತ್ತದೆ. ಒಂದು ನೋವು ಇನ್ನೊಂದು ನೋವನ್ನು ಮರೆಸುತ್ತದೆಂದು ಎಲ್ಲರೂ ತಿಳಿದಿದ್ದರು. 1984ರಲ್ಲಿ ಹಾಲೆಂಡಿನ ಉಟ್ರೆಕ್ಟಿನ ಸಂಶೋಧಕರು ಆ ಹೊತ್ತಿನಲ್ಲಿ ಕುದುರೆಯ ರಕ್ತದಲ್ಲಿ, ನೋವನ್ನು ಮಂಕಾಗಿಸುವ ಎಂಡಾರ್ಫಿನ್ ಏರುವುದನ್ನು ಅಳೆದು ತೋರಿಸಿದರು. ಹಳೆಯ ಉಪಾಯಗಳಲ್ಲಿ ಕೆಲವು ಬರಿಯ ಕ್ರೌರ್ಯವಲ್ಲ, ಕೆಲವು ಬರಿಯ ಕ್ರೌರ್ಯವೇ. ಯಾವುದು ಯಾವುದೆಂದು ಮೇಲುನೋಟಕ್ಕೆ ತಿಳಿಯುವುದಿಲ್ಲ. ಜರ್ಮನಿಯ ಬಾಯರ್ ಕಂಪನಿಯಲ್ಲಿ 1962ರಲ್ಲಿ ಕಂಡುಹಿಡಿದ ಜೈಲಾಜಿನ್ ಎಂಬ ಮಂಪರುಮದ್ದು ಬಂದಮೇಲೆ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಹಗ್ಗದ ಕೆಲಸ ಬಹಳ ಕಡಿಮೆಯಾಯಿತು. ವಿಚಿತ್ರವೆಂದರೆ ಕುದುರೆಗೆ ಬೇಕಾದ ಪ್ರಮಾಣದ ಹತ್ತರಲ್ಲೊಂದು ಭಾಗ ಸಾಕು, ಹಸು ಮಲಗಿಬಿಡುತ್ತದೆ.

ಹಡಪಸರದಿಂದ ಮುಂದೆ ಉರುಳಿ ಕಾಂಚನ. 1946ರ ಮಾರ್ಚಿನಲ್ಲಿ ಗಾಂಧೀಜಿ ಇಲ್ಲಿ ತಂಗಿ ನಿಸರ್ಗೋಪಚಾರದ ಆಶ್ರಮಕ್ಕೆ ಅಡಿಪಾಯ ಹಾಕಿದರು. ಅದರ ಹೊಣೆ ಹೊತ್ತು ಉಳಿದವರು ಮಣಿಭಾಯಿ ದೇಸಾಯಿ. ಗೋಸೇವೆಯೆಂದರೆ ಪೂಜೆಯಷ್ಟೇ ಅಲ್ಲ, ಶಾಸ್ತ್ರೀಯವಾದ ಪಶುಪಾಲನೆ ಎಂಬ ನಿಲುವು ಗಾಂಧೀಜಿಯದು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿದ್ದಾಗ ಅಲ್ಲಿಯ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಅವರೇ ವಿದ್ಯಾರ್ಥಿಯಂತೆ ದನಸಾಕಣೆಯನ್ನು ಅಭ್ಯಾಸ ಮಾಡಿದ್ದರು. ಮಣಿಭಾಯಿ 1967ರಲ್ಲಿ ಉರುಳಿ ಕಾಂಚನದಲ್ಲಿ ಬಾಯಫ್ ಸಂಸ್ಥೆಯನ್ನು ಕಟ್ಟಿದರು. ಹೆಪ್ಪುಗಟ್ಟಿಸಿದ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಡಬ್ಬಿಯಲ್ಲಿಟ್ಟುಕೊಂಡು ರೈತನ ಮನೆಬಾಗಿಲಿಗೇ ಹೋಗಿ ಕೃತಕ ಗರ್ಭಧಾರಣೆ ಮಾಡುವುದು ಅದರ ದೊಡ್ಡ ಕಾರ್ಯಕ್ರಮವಾಯಿತು. ಕರ್ನಾಟಕದಲ್ಲಿ ತಿಪಟೂರಿನಿಂದ ಅದರ ಶಾಖೆ ಕೆಲಸ ಮಾಡುತ್ತಿದೆ. ಕನ್ನಡಿಗರಾದ ನಾವು ಇಲ್ಲಿ ಸ್ವಲ್ಪ ಎದೆಯುಬ್ಬಿಸಬಹುದು, ಏಕೆಂದರೆ ದೇಶದಲ್ಲಿ ಮೊದಲ ಬಾರಿಗೆ ದನಗಳಲ್ಲಿ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿಯಲ್ಲಿ, ಸಂಪತ್‌ ಕುಮಾರನ್ ಅವರ ಕೈಯಿಂದ. ಅಲ್ಲಿನ ಹಸುಗಳು ನಮ್ಮ ಹಳ್ಳಿಕಾರ್ ತಳಿಯವು.

ಹಿಡಿಯುವ ವಿದ್ಯೆಯಲ್ಲಿ ದೊಡ್ಡ ತಿರುವು ಬಂದದ್ದು ಈ ಕೃತಕ ಗರ್ಭಧಾರಣೆಯಿಂದ ಎಂಬುದು ನಮ್ಮ ಅಭಿಪ್ರಾಯ. ಲಸಿಕೆಯ ಸೂಜಿ ಒಂದು ಕ್ಷಣದ ಕೆಲಸ. ಹಸು ಹೆದರಿದರೂ ಲಸಿಕೆ ತನ್ನ ಕೆಲಸ ಮಾಡುತ್ತದೆ. ಇಲ್ಲಿ ಹಾಗಲ್ಲ. ಕೆಲಸಗಾರ ಎಡಗೈಯನ್ನು ಮೊಣಕೈಯಾಚೆಗೆ ಗುದದ್ವಾರದಿಂದ ಒಳಗಿಟ್ಟು, ಗರ್ಭಕೊರಳನ್ನು ಬೆರಳುಗಳಲ್ಲಿ ಹಿಡಿದು, ಬಲಗೈಯ ಸಣ್ಣ ನಳಿಗೆಯನ್ನು ಅದರೊಳಗೆ ದಾಟಿಸಬೇಕು. ಆ ಹೊತ್ತಿನಲ್ಲಿ ಹಸು ಥಟ್ಟನೆ ಪಕ್ಕಕ್ಕೆ ತಿರುಗಿದರೆ, ಕುಸಿದು ಕುಳಿತರೆ, ಅಡ್ಡಕೊಳವೆಗೆ ಸಿಕ್ಕ ತೋಳು ಮುರಿಯುತ್ತದೆ. ಹೆದರಿದ ಹಸುವಿನಲ್ಲಿ ಗರ್ಭ ನಿಲ್ಲುವ ಸಾಧ್ಯತೆಯೂ ಕುಗ್ಗುತ್ತದೆ. ಬಾಲ ತಿರುಚಿ, ಬೈದು, ಬಡಿದು ನಿಲ್ಲಿಸಿದರೆ ನಿಲ್ಲಿಸಿದ್ದೇ ವ್ಯರ್ಥ. ಬಲಪ್ರಯೋಗ ತಪ್ಪು ಎಂದು ಯಾರೂ ಉಪದೇಶ ಮಾಡಬೇಕಾಗಲಿಲ್ಲ. ಬಲಪ್ರಯೋಗದಿಂದ ಕೆಲಸವೇ ಆಗುವುದಿಲ್ಲವೆಂದು ಹಸುವೇ ತೋರಿಸಿಕೊಟ್ಟಿತು. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ 1970ರ ದಶಕದಿಂದ ಈಚೆಗೆ ಕಸಾಯಿಖಾನೆಗಳ, ದೊಡ್ಡಿಗಳ ಒಳಗೆ ದನದ ಕಣ್ಣಿನ ಮಟ್ಟಕ್ಕೆ ಬಗ್ಗಿ ನಡೆದು, ನೆಲದ ಮೇಲಿನ ಒಂದು ನೆರಳು, ಬೇಲಿಗೆ ತೂಗುಬಿದ್ದ ಒಂದು ಸರಪಳಿ ದನವನ್ನು ಹೇಗೆ ತಡೆಯುತ್ತದೆಂದು ಜಗತ್ತಿಗೆ ತಿಳಿಸಿದರು. ದನಕ್ಕೆ ತನ್ನ ಸುತ್ತಲಿನ ಬಹುಭಾಗ ಕಾಣುತ್ತದೆ, ಬೆನ್ನ ಹಿಂದೆ ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ಬಂದ ಕೈಗೆ ಅದು ಒದೆಯುತ್ತದೆ. ನಮ್ಮ ಗೌಳಿಗರಿಗೆ, ಧನಗರರಿಗೆ ಇದನ್ನು ಹೇಳಿದರೆ, ಇಷ್ಟು ತಿಳಿಯಲು ಅಮೆರಿಕಕ್ಕೆ ಹೋಗಬೇಕಿತ್ತೇ ಎಂದಾರು. ಆದರೆ ಅವರು ಬರೆದಿಡಲಿಲ್ಲ, ಗ್ರ್ಯಾಂಡಿನ್ ಬರೆದಿಟ್ಟರು.

ಇಂದು ಪುಣೆಯ ಸುತ್ತಲಿನ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಮಿಶ್ರತಳಿಯ ಹಸು. ಎಷ್ಟೋ ಹಸುಗಳಿಗೆ ಕರುವಿದ್ದಾಗಲೇ ಕೊಂಬಿನ ಮೊಳಕೆಯನ್ನು ಸುಟ್ಟಿರುತ್ತಾರೆ, ಮೂಗುದಾರವೂ ಇರುವುದಿಲ್ಲ. ಹೊಲದಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಖಿಲಾರಿಯಂಥ ಬಿಸಿರಕ್ತದ ತಳಿಯನ್ನು ಹಿಡಿದು ಬೆಳೆದ ಗಂಡಸರ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಖಿಲಾರಿ ಸೊಲ್ಲಾಪುರ, ಸಾಂಗಲಿಯದೆಷ್ಟೋ ವಿಜಯಪುರ, ಬೆಳಗಾವಿಯದೂ ಅಷ್ಟೇ. ಆ ಎತ್ತಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ನಾಲ್‌ಬಂದರು ಈಗ ಮುಖ್ಯವಾಗಿ ಸಿಗುವುದು ಕಬ್ಬು ಅರೆಯುವ ಹಂಗಾಮಿನಲ್ಲಿ, ಸಕ್ಕರೆ ಕಾರ್ಖಾನೆಗಳ ಆಸುಪಾಸಿನಲ್ಲಿ. ಟೈರುಗಾಡಿಗೆ ಕಟ್ಟಿದ ಎತ್ತುಗಳು ಡಾಂಬರು ರಸ್ತೆಯಲ್ಲಿ ಜಾರಬಾರದಷ್ಟೆ. ಅಲ್ಲಿ ಆ ಹಳೆಯ ಮೂರು ಸುತ್ತಿನ ಹಗ್ಗವನ್ನು ನಾವೂ ಕಂಡಿದ್ದೇವೆ. ಎತ್ತು ಮಲಗಿದ್ದು ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿ ಕಬ್ಬಿನ ಸೋಗೆ ತಿನ್ನುತ್ತಿದ್ದ ಅದರ ಜೋಡಿ ತಲೆಯೆತ್ತಿ ನೋಡಲಿಲ್ಲ.

ಮನೆಯಲ್ಲಿ ದನ ನೋಡಿಕೊಳ್ಳುವವರು ಈಗ ಬಹುಮಟ್ಟಿಗೆ ಹೆಂಗಸರು. 2022ರಲ್ಲಿ ಚರ್ಮಗಂಟು ರೋಗ ಮಹಾರಾಷ್ಟ್ರಕ್ಕೆ ಹಬ್ಬಿ, ಕೆಲವೇ ತಿಂಗಳಲ್ಲಿ ರಾಜ್ಯದ ಬಹುಪಾಲು ದನಗಳಿಗೆ ಸೂಜಿ ಹಾಕಬೇಕಾಗಿ ಬಂದಾಗ, ಮನೆಮನೆಯ ಅಂಗಳದಲ್ಲಿ ದನದ ತಲೆ ಹಿಡಿದು ನಿಂತವರೂ ಅವರೇ. ದವಾಖಾನೆಯ ಚೌಕಟ್ಟು ಊರಿಗೊಂದು, ಹಲವೆಡೆ ಅದೂ ಇಲ್ಲ. ಕೊಟ್ಟಿಗೆಗೆ ಬರುವ ಲಸಿಕೆಯವನಿಗೆ, ಗರ್ಭಧಾರಣೆಯವನಿಗೆ ಅವಳ ಎರಡು ಕೈಗಳೇ ಟ್ರಾವಿಸ್. ಒದೆ ತಿಂದರೆ ಅವಳಿಗೆ ಪರಿಹಾರ ಕೊಡುವ ದಫ್ತರವನ್ನು ನಾವು ಕಂಡಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಆ ರಸ್ತೆಯ ಬದಿಯ ಒಂದು ಹಳ್ಳಿಯ ದವಾಖಾನೆಯಲ್ಲಿ ನಾವು ಕುಳಿತಿದ್ದೆವು. ಸರದಿಯಲ್ಲಿ ಮೂರು ಮಿಶ್ರತಳಿಯ ಹಸುಗಳು ಒಂದೊಂದಾಗಿ ಚೌಕಟ್ಟಿನೊಳಗೆ ಹೋಗಿ, ಎದೆಗೆ ಹಿಂದಕ್ಕೆ ಅಡ್ಡಕೊಳವೆ ಹಾಕಿಸಿಕೊಂಡು, ಚಿಕಿತ್ಸೆ ಮುಗಿಸಿಕೊಂಡು ಹೊರಬಂದವು. ನಾಲ್ಕನೆಯದು ಪಂಢರಪುರಿ ಎಮ್ಮೆ. ಈ ತಳಿಯ ಕೊಂಬು ಹೆಗಲನ್ನೂ ದಾಟಿ ಹಿಂದಕ್ಕೆ ಚಾಚಿರುತ್ತದೆ, ಒಂದು ಮೀಟರಿಗೂ ಮಿಕ್ಕ ಉದ್ದ. ಎಮ್ಮೆ ಚೌಕಟ್ಟಿನ ಬಾಯಿಗೆ ಬಂದು ಕೊಂಬು ತಗಲಿ ನಿಂತಿತು. ಸಹಾಯಕ ಹಿಂದಿನಿಂದ ದೂಡಿದ. ಎಮ್ಮೆ ಬುಸುಗುಟ್ಟಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅದನ್ನು ತಂದಿದ್ದ ನಡುವಯಸ್ಸಿನ ಹೆಂಗಸು ಆತನಿಗೆ ಸುಮ್ಮನಿರಲು ಸನ್ನೆ ಮಾಡಿ, ಹಗ್ಗವನ್ನು ಸಡಿಲಿಸಿ, ಎಮ್ಮೆಯನ್ನು ಬೇವಿನ ಮರದ ನೆರಳಿಗೆ ನಡೆಸಿಕೊಂಡು ಹೋದರು. ಕಾಂಡಕ್ಕೆ ಹಗ್ಗವನ್ನು ಒಂದೇ ಸುತ್ತು ಹಾಕಿ, ಗಂಟು ಬಿಗಿಯದೆ, ತುದಿಯನ್ನು ಮಡಚಿ ಸಿಕ್ಕಿಸಿದರು. ಒಂದು ಕೈ ಎಮ್ಮೆಯ ಗಂಟಲಿನ ಕೆಳಗೆ, ಒಂದು ಕೈ ಕೊಂಬಿನ ಬುಡದಲ್ಲಿ. "ಡಾಕ್ಟರಸಾಹೇಬ, ಇನ್ನು ಮಾಡಿರಿ, ನಾನು ಇಲ್ಲಿ ಇದ್ದೇನಲ್ಲ" ಎಂದರು ಮರಾಠಿಯಲ್ಲಿ. ಡಾಕ್ಟರರು ಎಮ್ಮೆಗೆ ತಾವು ಕಾಣುವಂತೆ ಬದಿಯಿಂದ ಸುತ್ತಿ ಬಂದು, ಬೆನ್ನ ಮೇಲೆ ಅಂಗೈಯಿಟ್ಟು, ಸ್ವಲ್ಪ ಹೊತ್ತು ಕಾದು ಕೈಗವುಸು ತೊಟ್ಟರು. ಎಂಟು ಹತ್ತು ನಿಮಿಷಗಳ ಕೆಲಸ. ಅಷ್ಟು ಹೊತ್ತೂ ಆಕೆ ಗಂಟಲಿನ ಕೆಳಗೆ ಕೆರೆಯುತ್ತಲೇ ಇದ್ದರು, ಮನೆಯ ಯಾವುದೋ ಮದುವೆಯ ಖರ್ಚಿನ ಸುದ್ದಿಯನ್ನು ಸಹಾಯಕನಿಗೆ ಹೇಳುತ್ತಲೂ ಇದ್ದರು. ಡಾಕ್ಟರರು ಆಯಿತೆಂದು ಕೈ ತೆಗೆದರು. ಆಕೆ ಹಗ್ಗದ ತುದಿಯನ್ನು ಒಮ್ಮೆ ಸೆಳೆದರು, ಬಿಚ್ಚಿಕೊಂಡಿತು. ದವಾಖಾನೆಯ ದಾಖಲೆ ಪುಸ್ತಕದಲ್ಲಿ ಸಹಾಯಕ ಬರೆದುಕೊಂಡದ್ದು ಎಮ್ಮೆಯ ತಳಿ, ವಯಸ್ಸು, ಚಿಕಿತ್ಸೆ, ಮತ್ತು ಎಮ್ಮೆಯ ಒಡೆಯನೆಂದು ಆಕೆಯ ಗಂಡನ ಹೆಸರು.